ಮೂರನೇ ಸಾಲಿನ ತಕರಾರು

ನಾನು ಎರಡು ಸಲ ನಿವೃತ್ತನಾದವನು. ಮೊದಲ ಸಲ ಭೂಮಾಪನ ಇಲಾಖೆಯಿಂದ. ಹಾರ, ಶಾಲು, ಫೋಟೊ ಎಲ್ಲ ಆಯಿತು. ಎರಡನೇ ಸಲ ಚಿಕ್ಕೋಡಿಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ನಕ್ಷೆ ಕೇಂದ್ರದಿಂದ. ಅಲ್ಲಿಂದ ಹೊರಟ ದಿನ ಯಾರಿಗೂ ಹೇಳದೆ ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಇಳಿದೆ.

ಈಗ ಇಂಥ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ರಾಯಬಾಗದ ನನ್ನ ಮನೆಗೆ ಬಂದು ಸಲಹೆ ಕೇಳುತ್ತಾರೆ. ಬಡ್ತಿ ಹೇಗೆ ಸಿಗುತ್ತದೆಂದು ಕೇಳಿದರೆ ನನಗೆ ಗೊತ್ತಿಲ್ಲ. ನನಗೆ ಸಿಕ್ಕಿದ್ದು ಒಂದೇ, ಅದೂ ನನ್ನ ಮೇಲಿದ್ದವರೆಲ್ಲ ಸಾಲಾಗಿ ಮನೆಗೆ ಹೋದ ಮೇಲೆ. ಒಳ್ಳೆಯ ಮನಸ್ಸಿನಿಂದ, ನಿಯಮದ ಪ್ರಕಾರ ಕೆಲಸ ಮಾಡಿಯೂ ಒಬ್ಬರ ಬದುಕನ್ನು ಹೇಗೆ ಹಾಳುಮಾಡಬಹುದು ಎಂದು ಕೇಳಿದರೆ ಮಾತ್ರ ಹೇಳಬಲ್ಲೆ. ಯಾರೂ ಹಾಗೆ ಕೇಳುವುದಿಲ್ಲ, ಆದ್ದರಿಂದ ನಾನೇ ಬರೆದಿಡುತ್ತಿದ್ದೇನೆ.

ಇಲಾಖೆಗೆ ಸೇರಿದಾಗ ಹೊಲವನ್ನು ಕಬ್ಬಿಣದ ಸರಪಳಿಯಿಂದ ಅಳೆಯುತ್ತಿದ್ದೆವು. ಬೇಸಿಗೆಯಲ್ಲಿ ಸರಪಳಿ ಕಾದು ಕೈ ಸುಡುತ್ತಿತ್ತು, ಮಳೆಗಾಲದಲ್ಲಿ ಕಪ್ಪು ಮಣ್ಣು ಮೆತ್ತಿಕೊಂಡು ಎರಡರಷ್ಟು ಭಾರವಾಗುತ್ತಿತ್ತು. ಅಥಣಿ ಕಡೆಯ ದ್ರಾಕ್ಷಿ ತೋಟ, ಉಗಾರದ ಸುತ್ತಲಿನ ಕಬ್ಬಿನ ಗದ್ದೆ, ಚಿಂಚಲಿಯ ದನದ ಗೋಮಾಳ, ಎಲ್ಲ ಕಡೆ ಬಾಂದುಕಲ್ಲು ಹುಡುಕುತ್ತ ತಿರುಗಿದ್ದೇನೆ. ಬಾಂದುಕಲ್ಲು ಎಂದರೆ ಎರಡು ಹೊಲಗಳ ನಡುವೆ ಗಡಿ ತೋರಿಸಲು ಹುಗಿದ ಕಲ್ಲು. ಅಣ್ಣತಮ್ಮಂದಿರು ಮಾತು ಬಿಡುವುದು ಹೆಚ್ಚಾಗಿ ಆ ಕಲ್ಲಿನ ಹತ್ತಿರವೇ.

ಒಂದು ವರ್ಷ ಕಾಗವಾಡದ ಕಡೆ ಕೃಷ್ಣೆ ಉಕ್ಕಿ ಹರಿದು, ಇಳಿದು ಹೋದ ಮೇಲೆ ದಂಡೆಯ ಹೊಲಗಳನ್ನು ಮತ್ತೆ ಅಳೆಯಲು ಹೋದೆವು. ಬದುಗಳಿಲ್ಲ, ಗಿಡಗಳಿಲ್ಲ, ಕಣ್ಣು ಹಾಯುವಷ್ಟು ದೂರ ಒಂದೇ ಸಮನೆ ಹಸಿ ಮಣ್ಣು. ಸದ್ದೂ ಇರಲಿಲ್ಲ, ಹಕ್ಕಿಗಳು ಕೂತುಕೊಳ್ಳಲು ಅಲ್ಲೊಂದು ಕೊಂಬೆ ಇರಬೇಕಲ್ಲ. ಆ ಬಯಲಿನಲ್ಲಿ ಒಬ್ಬ ಮುದುಕ ಮೊಣಕಾಲುದ್ದ ಕೆಸರಿನಲ್ಲಿ ನೇರವಾಗಿ ನಡೆದು ಹೋಗಿ ಒಂದು ಕಡೆ ನಿಂತುಬಿಟ್ಟ.

"ಸಾಹೇಬ್ರ, ಕಲ್ಲು ನನ್ನ ಕಾಲ ಬುಡಕ ಐತ್ರಿ. ಹೊಳಿ ಮಣ್ಣು ಹಾಕೇತಿ, ಕಲ್ಲು ಒಯ್ದಿಲ್ಲ" ಅಂದ.

ನನಗೆ ಅವಸರವಿತ್ತು. ಹಳೆಯ ಟಿಪ್ಪಣಿಯ ಅಳತೆ ಹಿಡಿದು ಅವನು ನಿಂತ ಜಾಗಕ್ಕಿಂತ ಹತ್ತು ಹೆಜ್ಜೆ ಆಚೆ ಗಡಿ ಗುರುತು ಹಾಕಿದೆ. ಅವನು ಸಂಜೆಯವರೆಗೂ ಅಲ್ಲೇ ನಿಂತಿದ್ದ. ಮರುವರ್ಷ ಪಕ್ಕದ ಹೊಲದ ಬಾಜೂದಾರ ಕಬ್ಬು ಹಚ್ಚಲು ಉಳುಮೆ ಮಾಡಿಸಿದಾಗ ಕಲ್ಲು ಮುದುಕ ನಿಂತ ಜಾಗದಲ್ಲೇ ಸಿಕ್ಕಿತು. ಅಷ್ಟೊತ್ತಿಗೆ ನಕ್ಷೆ ಪಕ್ಕಾ ಆಗಿತ್ತು, ಮುದುಕ ತೀರಿಹೋಗಿದ್ದ, ಅವನ ಮಕ್ಕಳು ಮೇಲ್ಮನವಿಗೆ ಹೋದರೆ ಕಡತದಲ್ಲಿ ಅವನು ತಕರಾರು ಹೇಳಿದ್ದಕ್ಕೆ ಒಂದಕ್ಷರದ ಪುರಾವೆಯೂ ಇರಲಿಲ್ಲ. ನಮ್ಮ ಸೂಪರ್‌ವೈಸರ್ ಸಾಹೇಬರು ಎಲ್ಲರೆದುರು ನನ್ನನ್ನು ನಿಲ್ಲಿಸಿ ಕೇಳಿದರು.

"ಹೆಸರು ಬರಕೊಂಡಿದ್ದೇನು? ಅಪ್ಪನ ಹೆಸರು, ಊರು, ಹೆಬ್ಬೆಟ್ಟು? ಹೆಸರಿಲ್ಲದ ತಕರಾರು ತಕರಾರೇ ಅಲ್ಲೋ ಬಸಗೌಡ. ನೀ ಆ ಮುದುಕನ್ನ ಇಲ್ಲದಂಗ ಮಾಡಿದಿ."

ಆ ಮಾತು ನನ್ನ ಎಲುಬಿಗೆ ಇಳಿಯಿತು. ಅಂದಿನಿಂದ ನಿವೃತ್ತಿಯವರೆಗೆ ಯಾರು ಏನೇ ತಕರಾರು ಹೇಳಲಿ, ಕುಡಿದು ಬಂದು ಹೇಳಲಿ, ಪೂರ್ತಿ ಹೆಸರು ವಿಳಾಸ ಬರೆದು ಸಹಿ ಹಾಕಿಸಿಕೊಂಡೇ ಅಲ್ಲಿಂದ ಏಳುತ್ತಿದ್ದೆ. ಅಳತೆಯ ಯಂತ್ರಗಳು ಬದಲಾದವು, ಸರಪಳಿ ಹೋಗಿ ಉಪಗ್ರಹದ ಸಂಕೇತ ಹಿಡಿಯುವ ಕಂಬ ಬಂತು, ಕೊನೆಗೆ ಡ್ರೋನ್ ಬಂತು. ನನ್ನ ಈ ಚಟ ಮಾತ್ರ ಬದಲಾಗಲಿಲ್ಲ. ಕಚೇರಿಯಲ್ಲಿ ನನಗೆ ತಕರಾರು ಗೌಡ ಅಂತಲೇ ಹೆಸರಿತ್ತು, ಮತ್ತು ನನಗೆ ಆ ಹೆಸರಿನ ಬಗ್ಗೆ ಹೆಮ್ಮೆ ಇತ್ತು.

ನಿವೃತ್ತಿಯಾಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತು ಎಲ್ಲರಿಗೂ ಬೇಸರ ತರಿಸಿದ ಮೇಲೆ ಚಿಕ್ಕೋಡಿಯ ಕೇಂದ್ರದವರು ಕರೆದರು. ವಿದೇಶದ ದೊಡ್ಡ ಕಂಪನಿಯೊಂದು ಮೊಬೈಲಿನಲ್ಲಿ ದಾರಿ ತೋರಿಸುವ ನಕ್ಷೆ ಮಾಡುತ್ತಿತ್ತು. ಅದರ ಕೆಲಸ ಕೈಯಿಂದ ಕೈಗೆ ದಾಟಿ ನಮ್ಮ ಮಹಡಿಗೆ ಬರುತ್ತಿತ್ತು. ಆಕಾಶದಿಂದ ತೆಗೆದ ಚಿತ್ರ ನೋಡಿ ಮನೆ, ರಸ್ತೆ, ಕೆರೆ, ಹೊಲ ಗುರುತಿಸಿ ಗೆರೆ ಎಳೆಯಬೇಕು. ಮೂವತ್ತು ಜನ ಹುಡುಗ ಹುಡುಗಿಯರು ಗೆರೆ ಎಳೆಯುತ್ತಿದ್ದರು. ಸರಿ ಇದೆಯೋ ಇಲ್ಲವೋ ನೋಡಿ ದೃಢಪಡಿಸುವವನು ನಾನು. ಬಿಸಿಲಿಲ್ಲ, ಕೆಸರಿಲ್ಲ, ನಾಯಿ ಬೆನ್ನಟ್ಟುವುದಿಲ್ಲ, ಇದೆಂಥ ಸರ್ವೆ ಎಂದು ನಗುತ್ತಿದ್ದೆ.

ಕೇಂದ್ರದ ಮ್ಯಾನೇಜರ್ ಪ್ರಸನ್ನ ಬೆಳಗಾವಿಯವನು, ಮೂವತ್ತೈದರ ಆಸುಪಾಸಿನ ಸಭ್ಯ ಮನುಷ್ಯ. ನನ್ನ ಪಕ್ಕದ ಮೇಜಿನಲ್ಲಿ ಶಬಾನಾ ಕೂರುತ್ತಿದ್ದಳು. ದಿನಾ ನಿಪ್ಪಾಣಿಯಿಂದ ಬಸ್ಸಿಗೆ ಬರುವ ಹೆಣ್ಣುಮಗಳು. ನನ್ನ ತಪ್ಪುಗಳನ್ನು ಮುಲಾಜಿಲ್ಲದೆ ಹೇಳುವ ಒಬ್ಬಳೇ ಅವಳು. ಉಳಿದವರು ನನ್ನ ಬಿಳಿ ಮೀಸೆ ನೋಡಿ ಸುಮ್ಮನಿರುತ್ತಿದ್ದರು.

ಎರಡನೇ ವರ್ಷ ಕಂಪನಿ ಹೊಸ ದೇಶವೊಂದಕ್ಕೆ ಕಾಲಿಟ್ಟಿತು. ನಾವು ಸಹಿ ಹಾಕಿದ ಕಾಗದದ ಪ್ರಕಾರ ಆ ದೇಶದ ಹೆಸರನ್ನು ನಾನು ಹೇಳುವಂತಿಲ್ಲ. ಅಲ್ಲಿ ಇಂಟರ್ನೆಟ್ಟಿನ ಪ್ರತಿಯೊಂದು ಪುಟವೂ ಸರ್ಕಾರದ ಕಣ್ಣಿನ ಕೆಳಗೇ ಹಾದು ಜನರಿಗೆ ಸಿಗುತ್ತಿತ್ತಂತೆ. ಕಂಪನಿಗೆ ಒಳಗೆ ಬರಲು ಅನುಮತಿ ಕೊಟ್ಟದ್ದೂ ಷರತ್ತಿನ ಮೇಲೆಯೇ. ಷರತ್ತು ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಪರದೆಯ ಮೇಲೆ ಒಂದು ಪಟ್ಟಿಯಾಗಿ ಬರುತ್ತಿತ್ತು. ತೋರಿಸಬಾರದ ಜಾಗಗಳ ಪಟ್ಟಿ.

ಮೊದಲ ಪಟ್ಟಿಯಲ್ಲಿ ಸೈನ್ಯದ ಠಾಣೆ, ಮದ್ದಿನ ಉಗ್ರಾಣಗಳಿದ್ದವು. ಯಾವ ದೇಶ ತಾನೆ ಅವನ್ನು ತೋರಿಸುತ್ತದೆ, ಸರಿ ಎಂದುಕೊಂಡೆ. ಎರಡನೆಯದರಲ್ಲಿ ಒಂದು ಬೀದಿಯ ಹೆಸರು ಬಂತು. ಆಮೇಲೆ ಒಂದು ಶಾಲೆ. ಆಮೇಲೆ ಯಾರದೋ ಮನೆ, ಕೆಂಪು ಹಂಚಿನ ಸಾಧಾರಣ ಮನೆ. ಗಡಿಭಾಗದವನಾದ ನನಗೆ ಬೋರ್ಡಿಗೆ ಡಾಂಬರು ಬಳಿಯುವುದು ಹೊಸದೇನಲ್ಲ. ಕನ್ನಡದ ಬೋರ್ಡಿಗೆ ಒಬ್ಬರು ಬಳಿಯುತ್ತಾರೆ, ಮರಾಠಿ ಬೋರ್ಡಿಗೆ ಇನ್ನೊಬ್ಬರು, ಬಸ್ಸು ಎಂದಿನಂತೆ ಅದೇ ಊರಿಗೆ ಹೋಗುತ್ತದೆ. ಡಾಂಬರಿನ ಕಲೆ ನೋಡಿದವರಿಗೆ ಇಲ್ಲಿ ಏನೋ ಇತ್ತು ಎಂಬುದಾದರೂ ತಿಳಿಯುತ್ತದೆ. ನಮಗೆ ಬಂದ ಸೂಚನೆ ಹಾಗಿರಲಿಲ್ಲ. ಅಳಿಸಿದ ಜಾಗ ಖಾಲಿಯೂ ಇರಬಾರದು, ಹೊಲವೋ ತೋಟವೋ ಏನಾದರೂ ತುಂಬಬೇಕು, ಅಳಿಸಿದ್ದಾರೆಂಬ ಗುರುತೂ ಉಳಿಯಬಾರದು ಎಂದಿತ್ತು.

ಆ ದೇಶದ ಒಂದು ಪಟ್ಟಣದ ನಡುವೆ ನಾಲ್ಕು ರಸ್ತೆ ಕೂಡುವ ದೊಡ್ಡ ಚೌಕವಿತ್ತು. ಅಲ್ಲಿ ಜನ ಸೇರಿ ಸರ್ಕಾರದಿಂದ ಏನೋ ಕೇಳಿದ್ದರಂತೆ. ಒಂದು ಸೋಮವಾರ ಆ ಚೌಕ ಪಟ್ಟಿಯಲ್ಲಿ ಬಂತು. ನಾವು ಹೆಸರು ತೆಗೆದೆವು, ಜಾಗಕ್ಕೆ ಕಟ್ಟಡದ ಬಣ್ಣ ತುಂಬಿದೆವು, ನಾಲ್ಕೂ ರಸ್ತೆಗಳನ್ನು ಚೌಕ ಮುಟ್ಟುವ ಮೊದಲೇ ಬೇರೆ ಕಡೆಗೆ ತಿರುಗಿಸಿದೆವು. ಮೂರು ವಾರದ ನಂತರ ಬಂದ ಆಕಾಶದ ಚಿತ್ರದಲ್ಲಿ ವಾಹನಗಳೆಲ್ಲ ನಾವು ತಿರುಗಿಸಿದ ದಾರಿಯಲ್ಲೇ ಹೋಗುತ್ತಿದ್ದವು. ಚೌಕ ಮಾತ್ರ ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು, ಒಂದು ಸೈಕಲ್ಲೂ ಇಲ್ಲ. ಚಿಕ್ಕೋಡಿಯಲ್ಲಿ ಕೂತು ನಾವು ಬಿಡಿಸಿದ ಹಾಗೆ ಎಲ್ಲೋ ಒಂದು ಪಟ್ಟಣ ನಡೆಯತೊಡಗಿತ್ತು. ಆ ಚಿತ್ರ ನೋಡಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಇದು ಸರಿಯೇ ಎಂದು ಪ್ರಸನ್ನನನ್ನು ಕೇಳಿದೆ. ಅವನು ಜಾರಿಕೊಳ್ಳಲಿಲ್ಲ. ಪಟ್ಟಿ ಒಪ್ಪದಿದ್ದರೆ ಆ ದೇಶದಲ್ಲಿ ನಕ್ಷೆಯೇ ಬಂದ್ ಆಗುತ್ತದೆ ಎಂದ. ಅಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವ ಗಾಡಿಯವನೂ ಇದೇ ನಕ್ಷೆ ನೋಡಿಕೊಂಡು ಹೋಗುತ್ತಾನೆ. ನೂರು ಜಾಗ ಅಳಿಸಿ ಲಕ್ಷ ಜಾಗ ತೋರಿಸುವುದು ಮೇಲೋ, ಒಂದನ್ನೂ ತೋರಿಸದೆ ಮರ್ಯಾದೆ ಉಳಿಸಿಕೊಂಡು ಹೊರಬರುವುದು ಮೇಲೋ ಎಂದು ನನ್ನನ್ನೇ ಕೇಳಿದ. ಕಂಪನಿಯ ದೊಡ್ಡವರಲ್ಲೂ ಇದೇ ವಾದ ನಡೆದಿದೆ, ಕೆಲವರು ಕೆಲಸ ಬಿಟ್ಟಿದ್ದಾರೆ ಎಂದೂ ಹೇಳಿದ. ನಾನು ಮೇಜಿಗೆ ಮರಳಿ ಪಟ್ಟಿಯ ಮುಂದಿನ ಜಾಗ ತೆರೆದೆ.

ಇನ್ನು ಆ ಕೇಂದ್ರದಲ್ಲಿ ನನ್ನ ಮೊದಲ ಪ್ರಮಾದ. ಅದೇ ಪಟ್ಟಣದ ಅಂಚಿನಲ್ಲಿ ಒಂದು ಬೋಳು ಜಾಗವಿತ್ತು. ಒಂದು ದಿನ ಅಲ್ಲಿ ಸಾಲಾಗಿ ಗುಣಿಗಳು ಕಂಡವು. ಎರಡು ಸಾಲು ಪೂರ್ತಿ, ಮೂರನೆಯದು ಅರ್ಧ. ಅಥಣಿ ಕಡೆ ಇಂಥ ಗುಣಿಗಳನ್ನು ಎಷ್ಟು ನೋಡಿಲ್ಲ ನಾನು. ದ್ರಾಕ್ಷಿ ಹಚ್ಚುವ ಮುನ್ನ ಹೀಗೆಯೇ ಅಂತರ ಅಳೆದು ತೋಡುತ್ತಾರೆ. ಹೊಸ ತೋಟ ಎಂದು ಬರೆದು ದೃಢಪಡಿಸಿದೆ. ನೀರಾವರಿ ಚೆನ್ನಾಗಿರಬೇಕು ಎಂದು ಶಬಾನಾಳಿಗೆ ಪಾಠ ಬೇರೆ ಹೇಳಿದೆ. ಅವಳು ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

"ಸರ, ಇವು ದ್ರಾಕ್ಷಿ ಗುಣಿ ಅಲ್ರಿ. ಗೋರಿ ಅದಾವ. ಎಲ್ಲಾ ಆಳುದ್ದ ಅದಾವ, ಎಲ್ಲಾ ಒಂದ ದಿಕ್ಕಿಗೆ ಮಲಗ್ಯಾವ ನೋಡ್ರಿ."

ನೋಡಿದೆ. ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣಲಿಲ್ಲ. ನಮ್ಮ ಕಡೆ ಲಿಂಗಾಯತರು ಕೂರಿಸಿ ಹೂಳುತ್ತಾರೆ, ಗುಣಿ ಚೌಕಾಕಾರ. ಆಳುದ್ದದ ಗೋರಿ ಮೇಲಿನಿಂದ ಹೇಗೆ ಕಾಣುತ್ತದೆಂದು ನನಗೆ ಹೊಳೆದಿರಲೇ ಇಲ್ಲ. ನಿಪ್ಪಾಣಿಯಲ್ಲಿ ತನ್ನ ಅಜ್ಜನ ಗೋರಿಗೆ ಪ್ರತಿ ವರ್ಷ ಹೋಗುವ ಶಬಾನಾಳಿಗೆ ಹೊಳೆಯಿತು. ತೋಟ ಎಂಬುದನ್ನು ಹೊಡೆದು ಸ್ಮಶಾನ ಎಂದು ತಿದ್ದಿದೆ. ಮುಂದಿನ ಚಿತ್ರದಲ್ಲಿ ಮೂರನೇ ಸಾಲು ಪೂರ್ತಿಯಾಗಿ ನಾಲ್ಕನೆಯದು ಶುರುವಾಗಿತ್ತು. ಅದರ ಮರುವಾರ ಐದನೆಯದು. ಊರಿನಲ್ಲಿ ರೋಗವಿಲ್ಲ, ಯುದ್ಧವಿಲ್ಲ, ಸುದ್ದಿಯಲ್ಲಿ ಏನೂ ಇಲ್ಲ. ಮನುಷ್ಯರು ಒಮ್ಮೆಯೂ ಕಾಣಲಿಲ್ಲ. ಸಾಲುಗಳಷ್ಟೇ ಬೆಳೆಯುತ್ತಿದ್ದವು. ಸೋಮವಾರ ಬೆಳಿಗ್ಗೆ ಆ ಜಾಗ ಪಟ್ಟಿಯಲ್ಲಿ ಬಂತು. ಉದ್ಯಾನ, ಹಸಿರು ಬಣ್ಣ ಎಂದು ಸೂಚನೆ. ಶಬಾನಾ ಮುಟ್ಟಲೊಲ್ಲೆ ಅಂದಳು. ಹಸಿರನ್ನು ನಾನೇ ತುಂಬಿದೆ.

ನಕ್ಷೆಯಲ್ಲಿ ತಪ್ಪಿದ್ದರೆ ಬಳಸುವವರು ದೂರು ಕಳಿಸಬಹುದು. ಆ ದೂರುಗಳು ಯಂತ್ರದ ಅನುವಾದವಾಗಿ ನಮ್ಮ ಮುಂದೆ ಬರುತ್ತಿದ್ದವು. ಅಂಗಡಿ ಮುಚ್ಚಿದೆ, ಸೇತುವೆ ಬಿದ್ದಿದೆ, ಇಂಥವೇ. ಹಸಿರು ತುಂಬಿದ ಹತ್ತನೇ ದಿನಕ್ಕೆ ಒಂದು ದೂರು ಬಂತು. ಇದು ಉದ್ಯಾನವಲ್ಲ, ಸ್ಮಶಾನ, ನನ್ನ ಮಗ ಮೂರನೇ ಸಾಲಿನ ಕೊನೆಯಲ್ಲಿದ್ದಾನೆ, ದಯವಿಟ್ಟು ಸರಿಪಡಿಸಿ ಎಂದಿತ್ತು. ಪಟ್ಟಿಯಲ್ಲಿರುವ ಜಾಗದ ದೂರುಗಳಿಗೆ ನಮ್ಮಲ್ಲಿ ಒಂದೇ ಉತ್ತರ. ದೃಢಪಟ್ಟಿಲ್ಲ, ತಿರಸ್ಕರಿಸಲಾಗಿದೆ. ಒತ್ತಿದೆ. ಮರುವಾರ ಅದೇ ಹೆಂಗಸು ಮತ್ತೆ ಬರೆದಳು. ಮಗನನ್ನು ಎಲ್ಲಿಟ್ಟಿದ್ದಾರೆಂದು ತನಗೆ ಯಾರೂ ಹೇಳಲಿಲ್ಲ, ತಾನೇ ಹುಡುಕಿ ಕಂಡುಕೊಂಡೆ. ನಕ್ಷೆಯಲ್ಲೂ ಇಲ್ಲವಾದರೆ ನಾಳೆ ಅದರ ಮೇಲೆ ಕಟ್ಟಡ ಕಟ್ಟುತ್ತಾರೆ, ಅವನು ಇದ್ದನೆಂಬುದಕ್ಕೆ ಇನ್ನೇನೂ ಉಳಿಯುವುದಿಲ್ಲ ಎಂದು. ಮತ್ತೆ ಒತ್ತಿದೆ. ಹೀಗೆ ಆರು ವಾರ. ಶಬಾನಾ ಅವಳಿಗೆ ಮೂರನೇ ಸಾಲಿನ ಅವ್ವ ಎಂದು ಹೆಸರಿಟ್ಟಳು. ಬುಧವಾರ ಬಂತೆಂದರೆ ಇಬ್ಬರೂ ಆ ದೂರಿಗೆ ಕಾಯುತ್ತಿದ್ದೆವು.

ಏಳನೇ ಬುಧವಾರದ ದೂರು ಚಿಕ್ಕದಿತ್ತು. ನೀವು ಮೇಲಿನಿಂದ ನೋಡುತ್ತೀರಿ ಎಂದು ಕೇಳಿದ್ದೇನೆ, ನಿಮಗೆ ಕಾಣುವ ಹಾಗೆ ಮಾಡಿದ್ದೇನೆ, ನೋಡಿ.

ಶುಕ್ರವಾರ ಹೊಸ ಚಿತ್ರ ಬಂತು. ಮೂರನೇ ಸಾಲಿನ ಕೊನೆಯ ಗೋರಿಯ ಮೇಲೆ ಹಾಸಿಗೆಯಷ್ಟು ಅಗಲದ ಬಿಳಿ ಗುರುತಿತ್ತು. ಆ ತಾಯಿ ಸುಣ್ಣ ಬಳಿದ ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದ್ದಳು. ಶಬಾನಾ ಕರೆದಳು, ಸುತ್ತಲಿನವರೂ ಎದ್ದು ಬಂದರು. ಮೂವತ್ತು ಜನ ನಿಂತು ಒಂದು ಬಿಳಿ ಚುಕ್ಕೆಯನ್ನು ನೋಡಿದೆವು. ಅಷ್ಟು ದೂರದಿಂದ, ನಾವು ಯಾರು, ಎಲ್ಲಿದ್ದೇವೆ ಎಂಬುದೊಂದೂ ಗೊತ್ತಿಲ್ಲದ ಹೆಂಗಸೊಬ್ಬಳು ನೇರವಾಗಿ ನಮ್ಮ ಕಣ್ಣಿಗೆ ಕಣ್ಣಿಟ್ಟು ನೋಡಿದ ಹಾಗಾಯಿತು. ಕೆಳಗೆ ಅಂಗಡಿಯಲ್ಲಿ ಟ್ರ್ಯಾಕ್ಟರ್ ಸದ್ದು ಮಾಡುತ್ತಿತ್ತು. ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಹೋದರು.

ಆಗ ನನ್ನೊಳಗಿನ ಹಳೆಯ ಸರ್ವೆಯವನು ಎದ್ದ. ಇವಳು ಬಾಂದುಕಲ್ಲು ತೋರಿಸುತ್ತಿದ್ದಾಳೆ. ಒಮ್ಮೆ ಕೆಸರಿನಲ್ಲಿ ನಿಂತ ಮುದುಕನ ಮಾತು ಬರೆದುಕೊಳ್ಳದೆ ಎದ್ದು ಬಂದವನು ಮತ್ತೆ ಅದೇ ತಪ್ಪು ಮಾಡಬಾರದು ಎನಿಸಿತು. ಕಂಪನಿಯಲ್ಲಿ ದೂರನ್ನು ಮೇಲಿನವರ ಮರುವಿಚಾರಣೆಗೆ ಕಳಿಸುವ ವ್ಯವಸ್ಥೆಯೊಂದಿತ್ತು. ಯಾರೂ ಬಳಸುತ್ತಿರಲಿಲ್ಲ. ಎರಡು ದಿನ ಕೂತು ನಾನು ಅಚ್ಚುಕಟ್ಟಾದ ಒಂದು ತಕರಾರು ಅರ್ಜಿ ತಯಾರಿಸಿದೆ. ಅವಳ ಖಾತೆಯಲ್ಲಿದ್ದ ಪೂರ್ತಿ ಹೆಸರು, ದೂರು ಕಳಿಸಿದ ಮೊಬೈಲಿನ ಗುರುತು, ಪ್ರತಿ ಸಲ ಎಲ್ಲಿಂದ ಕಳಿಸಿದ್ದಳೋ ಆ ಜಾಗ, ಏಳೂ ಹೇಳಿಕೆಗಳು, ಬಿಳಿ ಗುರುತಿನ ಚಿತ್ರ, ಗೋರಿಯ ಅಕ್ಷಾಂಶ ರೇಖಾಂಶ. ನಲವತ್ತು ವರ್ಷದ ಅನುಭವ ಸುರಿದು ಬರೆದ ಆ ಅರ್ಜಿಯಲ್ಲಿ ಯಾವ ಮೇಲಧಿಕಾರಿಯೂ ಒಂದು ಕೊರತೆ ಹುಡುಕುವ ಹಾಗಿರಲಿಲ್ಲ. ಶಬಾನಾ ಓದಿ ನನ್ನ ಮುಖ ನೋಡಿದಳು.

"ಆಕಿ ಹೆಸರು ಯಾಕ ಹಾಕೀರಿ ಸರ? ಆಕಿ ಹೆಸರು ನಮಗ ಯಾಕ ಬೇಕ್ರಿ?"

"ಹೆಸರಿಲ್ಲದ ತಕರಾರು ತಕರಾರೇ ಅಲ್ಲ ಯವ್ವಾ" ಅಂದೆ. ಗುರುಗಳ ಮಾತನ್ನು ಒಪ್ಪಿಸಿದ ಶಿಷ್ಯನ ಗತ್ತು ನನ್ನ ದನಿಯಲ್ಲಿತ್ತು. ಕಳಿಸಿದೆ.

ನಾಲ್ಕು ದಿನಕ್ಕೆ ಉತ್ತರ ಬಂತು. ನಿಮ್ಮ ಶ್ರದ್ಧೆಗೆ ಧನ್ಯವಾದ, ವಿಷಯವನ್ನು ಪರಿಶೀಲನೆಗಾಗಿ ಸ್ಥಳೀಯ ಕಚೇರಿಗೆ ಕಳಿಸಲಾಗಿದೆ. ಸಂತೋಷದಿಂದ ಅದನ್ನು ಪ್ರಸನ್ನನಿಗೆ ತೋರಿಸಿದೆ. ಓದುತ್ತಿದ್ದ ಹಾಗೆ ಅವನ ಮುಖದ ಬಣ್ಣವೇ ಬದಲಾಯಿತು. ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದ.

"ಸರ, ಸ್ಥಳೀಯ ಕಚೇರಿ ಅಂದ್ರ ಆ ದೇಶದಾಗಿನ ಕಚೇರಿರಿ. ಅಲ್ಲಿ ಸರ್ಕಾರದವ್ರು ಕೇಳಿದ ಫೈಲು ಕೊಡಲೇಬೇಕು, ಅದು ಕಾಯ್ದೆ. ಆಕಿ ಹೆಸರು ನೀವು ಅವ್ರ ಕೈಯಾಗ ಕೊಟ್ಟೀರಿ."

ನಾನು ಕೈಪಿಡಿ ಹಿಡಿದು ಪಕ್ಕಾ ಮಾಡಿದ ಕೆಲಸ ಅದು. ಹಿಂಪಡೆಯುವ ಗುಂಡಿ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಪ್ರಸನ್ನ ಬೆಂಗಳೂರಿಗೆ ಫೋನ್ ಮಾಡಿದ, ಅವರು ಇನ್ನೆಲ್ಲಿಗೋ ಮಾಡಿದರು. ಸಂಜೆ ಪರದೆಯ ಮೇಲೆ ಬಂದದ್ದು ಇಷ್ಟೇ: ಈ ವಿಷಯದಲ್ಲಿ ನಿಮ್ಮ ಕೆಲಸ ಮುಗಿದಿದೆ.

ಬುಧವಾರ ಬಂತು. ದೂರು ಬರಲಿಲ್ಲ. ಶುಕ್ರವಾರದ ಚಿತ್ರದಲ್ಲಿ ಬಿಳಿ ಗುರುತು ಇರಲಿಲ್ಲ. ಮೂರನೇ ಸಾಲಿನ ಆ ಕೊನೆಯನ್ನು ಕೆರೆದು ಸಮ ಮಾಡಿದ್ದರು. ಅಲ್ಲಿಗೆ ಬಂದು ಮರಳಿದ ಗಾಡಿಯ ಚಕ್ರದ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಶಬಾನಾ ಆ ಚಿತ್ರ ಮುಚ್ಚಿ ಮುಂದಿನ ದೂರು ತೆರೆದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಐದು ವಾರ ನಾನು ಊಟ ಮಾಡಿದ್ದು, ಬಸ್ಸು ಹತ್ತಿದ್ದು, ಮನೆಯವರ ಜೊತೆ ಮಾತಾಡಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ಬುಧವಾರಗಳು ಮಾತ್ರ ನೆನಪಿವೆ. ಬೆಳಿಗ್ಗೆ ಒಂಬತ್ತಕ್ಕೆ ದೂರುಗಳ ಪುಟ ತೆರೆದು ಕೂರುತ್ತಿದ್ದೆ. ಅವಳು ಹೇಗಿದ್ದಾಳೆಂದು ಕೇಳಲು ನನ್ನ ಬಳಿ ದಾರಿಯಿರಲಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಒಪ್ಪಿಗೆ, ತಿರಸ್ಕಾರ ಎಂಬ ಎರಡೇ ಮಾತುಗಳಿದ್ದವು. ಬಸ್ ನಿಲ್ದಾಣದಲ್ಲಿ ಕೊಲ್ಲಾಪುರದ ಬಸ್ಸಿನಿಂದ ಇಳಿಯುವ ವಯಸ್ಸಾದ ಹೆಂಗಸರನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ. ಸ್ಮಶಾನದಲ್ಲಿ ಅಷ್ಟೊತ್ತಿಗೆ ಹನ್ನೊಂದನೇ ಸಾಲು ಶುರುವಾಗಿತ್ತು. ನಕ್ಷೆಯಲ್ಲಿ ನನ್ನ ಹಸಿರು ಅಚ್ಚುಕಟ್ಟಾಗಿತ್ತು.

ಆರನೇ ಬುಧವಾರ ಅವಳ ಖಾತೆಯಿಂದ ದೂರು ಬಂತು. ಶಬಾನಾ ಕೂಗಿ ಕರೆದಳು. ಬದುಕಿದ್ದಾಳೆ ಎಂದುಕೊಂಡು ಕುರ್ಚಿ ಎಳೆದುಕೊಂಡು ಅವಳ ಪರದೆಯ ಮುಂದೆ ಕೂತೆ. ಇಬ್ಬರೂ ಓದಿದೆವು.

ಇಲ್ಲಿ ಯಾವ ಸ್ಮಶಾನವೂ ಇಲ್ಲ. ನನ್ನ ಹಿಂದಿನ ದೂರುಗಳೆಲ್ಲ ತಪ್ಪು. ಇದು ಸುಂದರವಾದ ಉದ್ಯಾನ. ನಾನು ಈಗ ಇಲ್ಲಿ ನನ್ನ ಮಗನ ಜೊತೆ ಇರುತ್ತೇನೆ.

ಶಬಾನಾ ಎರಡನೇ ಸಲ ಓದಿ ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ಸರಿಸಿಕೊಂಡಳು. ಇದನ್ನು ಅವಳು ಬರೆದಿಲ್ಲ, ತಿರಸ್ಕರಿಸಿ ಎಂದಳು. ಸುಳ್ಳಿಗೆ ಮುದ್ರೆ ಒತ್ತುವುದಕ್ಕೂ ಒಂದು ಮಿತಿ ಇರಬೇಕು ಎಂದಳು. ನನ್ನ ಯೋಚನೆ ಬೇರೆಯಿತ್ತು. ಯಾರೋ ಪಕ್ಕದಲ್ಲಿ ನಿಂತು ಅವಳ ಕೈಯಿಂದ ಬರೆಸಿದ್ದಾರೆ, ಇದನ್ನು ಒಪ್ಪಿದರೆ ಅವಳನ್ನು ಮನೆಗೆ ಬಿಡುತ್ತಾರೆ. ತಿರಸ್ಕರಿಸಿದರೆ ಚಿಕ್ಕೋಡಿಯವರು ಅಲ್ಲಿ ಸ್ಮಶಾನವಿದೆ ಎನ್ನುತ್ತಾರೆಂದು ಮತ್ತೆ ಅವಳನ್ನೇ ಹಿಡಿಯುತ್ತಾರೆ. ನಾನು ಒಮ್ಮೆ ಸತ್ಯವನ್ನು ಎತ್ತಿ ಹಿಡಿದು ಅವಳನ್ನು ಅವರ ಕೈಗೆ ಕೊಟ್ಟಿದ್ದೆ. ಈ ಸಲ ಸುಳ್ಳು ಹೇಳಿಯಾದರೂ ಬಿಡಿಸಿಕೊಳ್ಳಬೇಕೆನಿಸಿತು. ಶಬಾನಾ ವಾದ ಮಾಡಲಿಲ್ಲ. ಒತ್ತುವವರು ನೀವು ಎಂದಷ್ಟೇ ಹೇಳಿದಳು.

ಒಪ್ಪಿಗೆ ಒತ್ತಿದೆ. ಪಟ್ಟಿಯ ಜಾಗದ ದೂರನ್ನು ಒಪ್ಪಿದ್ದು ಅದೇ ಮೊದಲಾದ್ದರಿಂದ ಎಂದೂ ನೋಡಿರದ ಒಂದು ಪ್ರಶ್ನೆ ಪರದೆಯ ಮೇಲೆ ಬಂತು. ಈ ವಾರದ ಚಿತ್ರವನ್ನು ನೀವು ಸ್ವತಃ ನೋಡಿ ದೃಢಪಡಿಸಿದ್ದೀರಾ?

ಹೊಸಬರೇ, ಇಲಾಖೆಯ ನಲವತ್ತು ವರ್ಷದಲ್ಲಿ ಹೊಲಕ್ಕೆ ಹೋಗದೆ ನಾನು ಒಂದು ನಕ್ಷೆಗೂ ಸಹಿ ಹಾಕಿದವನಲ್ಲ. ಅಂದು ಹಾಕಿದೆ. ಎಲ್ಲಿ ಮನಸ್ಸು ಬದಲಾಗುತ್ತದೋ ಎಂಬ ಹೆದರಿಕೆಯಿಂದ ಚಿತ್ರ ತೆರೆಯದೆಯೇ ಹೌದು ಎಂದು ಒತ್ತಿಬಿಟ್ಟೆ. ನಕ್ಷೆಯನ್ನು ಉತ್ತಮಪಡಿಸಿದ್ದಕ್ಕೆ ಧನ್ಯವಾದ ಎಂಬ ಸಂದೇಶ ಅವಳ ಖಾತೆಗೆ ತಾನಾಗಿಯೇ ಹೋಯಿತು.

ಆಮೇಲೆ ಚಿತ್ರ ತೆರೆದೆ. ಆ ವಾರದ್ದು ಶುಕ್ರವಾರಕ್ಕೆ ಮೊದಲೇ ಬಂದಿತ್ತು, ಮಂಗಳವಾರ ತೆಗೆದದ್ದು, ಅಂದರೆ ದೂರು ಬರುವ ಹಿಂದಿನ ದಿನದ್ದು. ಹನ್ನೊಂದನೇ ಸಾಲಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಖಾಲಿಯಿತ್ತು. ಮೂರನೇ ಸಾಲು ತುಂಬಿ ತಿಂಗಳುಗಳೇ ಆಗಿದ್ದವು. ಆದರೂ ಆ ಸಾಲಿನ ಕೊನೆಯಲ್ಲಿ, ಕೆರೆದು ಸಮ ಮಾಡಿದ್ದ ಜಾಗಕ್ಕೆ ಒತ್ತಿಕೊಂಡು, ಹಸಿ ಮಣ್ಣಿನ ಒಂದು ಹೊಸ ಗೋರಿ ಇತ್ತು.

ಅದು ಯಾರದೆಂದು ನನಗೆ ಗೊತ್ತಿಲ್ಲ. ಶಬಾನಾಳೂ ನೋಡಿದಳು. ಡಬ್ಬಿ ಎತ್ತಿಕೊಂಡು ಇಳಿದು ಬಂದೆ. ನನ್ನ ಮೊಬೈಲಿನಲ್ಲಿ ಆ ನಕ್ಷೆ ಈಗಲೂ ತೆರೆಯುತ್ತದೆ. ಪಟ್ಟಣದ ಅಂಚಿನಲ್ಲಿ ಹಸಿರು ಉದ್ಯಾನವಿದೆ. ಅದನ್ನು ಸ್ವತಃ ನೋಡಿ ದೃಢಪಡಿಸಿದವರು ಎಂದು ಕಂಪನಿಯ ಕಡತದಲ್ಲಿರುವುದು ನನ್ನ ನೌಕರ ಸಂಖ್ಯೆ.